ಡಿಐ ತಗೊಳ್ಳಲೋ, ಸಿಆರ್‌ಡಿಇ ತಗೊಳ್ಳಲೋ

ಕಿರಿಯ: ಕಾಕಾ, ಎರಡು ಹಳೆಯ ಮಹೀಂದ್ರಾ ಥಾರ್ ಗಾಡಿ ನೋಡಿಟ್ಟಿದ್ದೇನೆ. ಒಂದು ತಾಂಡೂರಿನಲ್ಲಿದೆ, 2012ರ ಡಿಐ, ಸಾದಾ ಪಂಪು ನೋಝಲ್ಲಿನ ಡೀಸೆಲ್ ಇಂಜಿನ್. ಇನ್ನೊಂದು ಇಲ್ಲೇ ಜಹೀರಾಬಾದಿನಲ್ಲಿ, ಕಾಮನ್ ರೈಲ್ ಡೀಸೆಲ್ ಇಂಜಿನ್ನಿನ 2014ರ ಸಿಆರ್‌ಡಿಇ. ಎರಡೂ ಫೋರ್ ವೀಲ್. ಡಿಐಗೆ ರೇಟು ಕಡಿಮೆ ಹೇಳುತ್ತಿದ್ದಾರೆ. ಕೇಳಿದವರೆಲ್ಲ, ಕಣ್ಣು ಮುಚ್ಚಿ ಡಿಐ ತಗೋ, ಕಂಪ್ಯೂಟರ್ ಇರುವ ಇಂಜಿನ್ ಸಹವಾಸ ಬೇಡ ಅನ್ನುತ್ತಾರೆ. ನನ್ನ ಓಡಾಟ ನಿಮಗೆ ಗೊತ್ತೇ ಇದೆ. ಹೊಲ ನಾರಾಯಣಖೇಡದ ಕಡೆ ಎರೆ ಮಣ್ಣಿನಲ್ಲಿ, ಫರಸಿ ಕಲ್ಲಿನ ವ್ಯವಹಾರ ತಾಂಡೂರಿನಲ್ಲಿ, ಮನೆ ಇಲ್ಲಿ. ಯಾವುದಕ್ಕೆ ಮುಂಗಡ ಕೊಡಲಿ?

ಹಿರಿಯ: ಹಳೆಯ ಗಾಡಿಯ ವಿಷಯದಲ್ಲಿ ಕಣ್ಣು ಮುಚ್ಚಬಾರದು ತಮ್ಮಾ. ಹೊಸದು ಕೊಳ್ಳುವಾಗ ಯಾವ ಇಂಜಿನ್ ಒಳ್ಳೆಯದು ಅಂತ ಕೇಳಿದರೆ ಸಾಕು. ಹಳೆಯದಕ್ಕೆ ಬೇರೆ ಪ್ರಶ್ನೆ ಇದೆ. ಇಂಜಿನ್ ಎಷ್ಟು ಸವೆದಿದೆ, ಆ ಸವೆತ ದುಡ್ಡು ಕೊಡುವ ಮೊದಲೇ ನನಗೆ ಕಾಣುತ್ತದೋ ಇಲ್ಲವೋ? ಡಿಐ ಸುಲಭ, ಸಿಆರ್‌ಡಿಇ ಕಷ್ಟ ಅನ್ನುವ ಮಾತು ದುರಸ್ತಿಯ ಬಗ್ಗೆ ನಿಜ, ಆಯ್ಕೆಯ ಬಗ್ಗೆ ಅರ್ಧ ನಿಜ. ಈ ಎರಡು ಇಂಜಿನ್ ಯಾರ ಕೈಗೆ ಹೋದವು ಅನ್ನುವುದನ್ನು ಮೊದಲು ನೋಡು. ಥಾರ್ 2010ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂತು. 2523 ಸಿಸಿಯ ಡಿಐಗೆ 63 ಅಶ್ವಶಕ್ತಿ, 2498 ಸಿಸಿಯ ಸಿಆರ್‌ಡಿಇಗೆ 105. ಅದೇ ವರ್ಷ ಹೈದರಾಬಾದ್, ಬೆಂಗಳೂರು ಸೇರಿ 13 ನಗರಗಳಲ್ಲಿ, ದೆಹಲಿ ಸುತ್ತಲಿನ ಪ್ರದೇಶದಲ್ಲಿ ಹೊಗೆ ಮಿತಿಯ ಬಿಎಸ್4 ನಿಯಮ ಬಂದಿತ್ತು, ಉಳಿದ ಕಡೆ ಬಿಎಸ್3 ನಡೆಯುತ್ತಿತ್ತು. ಡಿಐ ಬಿಎಸ್3 ಇಂಜಿನ್. ಹಾಗಾಗಿ ಅದು ನಗರ ಬಿಟ್ಟು ನಮ್ಮಂಥ ತಾಲ್ಲೂಕುಗಳಲ್ಲೇ ಹೆಚ್ಚಾಗಿ ದುಡಿಯಿತು. 2017ರ ಏಪ್ರಿಲ್ 1ರಿಂದ ಬಿಎಸ್3 ವಾಹನ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹೊಸ ಡಿಐ ಸಿಗುವುದೇ ನಿಂತಿತು. ಅಂದರೆ ಇವತ್ತು ಸಿಗುವ ಯಾವ ಡಿಐ ಕೂಡ ಎಳೆಯ ಗಾಡಿಯಲ್ಲ. ಹೆಚ್ಚಿನವು ಟ್ರೇಲರ್ ಎಳೆದಿವೆ, ಕಲ್ಲಿನ ಖಣಿಗೆ ಇಳಿದಿವೆ, ಕಬ್ಬಿನ ಹೊಲದ ಬದು ಹತ್ತಿವೆ.

ಕಿರಿಯ: ದುಡಿದ ಗಾಡಿ ಅನ್ನುವುದು ಒಪ್ಪಿದೆ. ಆದರೆ ದುಡಿಯಲೆಂದೇ ಮಾಡಿದ ಇಂಜಿನ್ ಅಲ್ಲವೇ ಕಾಕಾ ಅದು? ಬೊಲೆರೊದಲ್ಲಿ ಅದೇ, ಪಿಕಪ್‌ನಲ್ಲಿ ಅದೇ. ನೋಝಲ್ ಆಗಲಿ, ಹೆಡ್ ಗ್ಯಾಸ್ಕೆಟ್ ಆಗಲಿ, ರಿಂಗ್ ಪಿಸ್ಟನ್ ಆಗಲಿ, ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಜಹೀರಾಬಾದ್ ಅಂದರೆ ಮಹೀಂದ್ರಾ ಊರೇ. ಆಲ್ವಿನ್ ಕಂಪನಿ ನಿಸಾನ್ ಜೊತೆ ಸೇರಿ ಕಟ್ಟಿದ ಕಾರ್ಖಾನೆ ಮುಂದೆ ಮಹೀಂದ್ರಾ ಕೈಗೆ ಬಂತು, 2013ರಿಂದ ಅಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತಿದೆ. ಇಲ್ಲಿನ ಮಿಸ್ತ್ರಿಗಳ ಕೈ ಪಳಗಿರುವುದೇ ಇಂಥ ಇಂಜಿನ್ ಮೇಲೆ. ಪಂಪ್ ಒತ್ತುತ್ತದೆ, ನೋಝಲ್ ಬಿಡುತ್ತದೆ, ಇಂಜಿನ್ ಓಡುತ್ತದೆ. ನಡುವೆ ಸೆನ್ಸರ್ ಇಲ್ಲ, ಇಸಿಯು ಅನ್ನುವ ಕಂಪ್ಯೂಟರೂ ಇಲ್ಲ. ಕೆಟ್ಟರೆ ಕೈಯಿಂದಲೇ ಸರಿಹೋಗುತ್ತದೆ.

ಹಿರಿಯ: ನೀನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡು. ದುರಸ್ತಿ ಅಗ್ಗ ಅಂದಕೂಡಲೇ ದುರಸ್ತಿ ಆಗಿದೆ ಅಂತಲ್ಲ. ಸುಲಭವಾಗಿ ಸರಿಹೋಗುವ ಇಂಜಿನನ್ನು ಜನ ಕೊನೆಯ ತನಕ ಎಳೆಯುತ್ತಾರೆ. ಕಪ್ಪು ಹೊಗೆ ಬಂದರೂ ಓಡುತ್ತದೆ, ಆಯಿಲ್ ಕುಡಿದರೂ ಓಡುತ್ತದೆ, ಎರಡು ಸಲ ಬಿಸಿಯಾಗಿ ನಿಂತರೂ ನೀರು ಹಾಕಿದರೆ ಮತ್ತೆ ಓಡುತ್ತದೆ. ಈ ತಾಳ್ಮೆಯೇ ಕೊಳ್ಳುವವನಿಗೆ ತೊಂದರೆ, ಏಕೆಂದರೆ ಕಾಯಿಲೆ ಮೆಲ್ಲಗೆ ಬೆಳೆಯುತ್ತದೆ, ಎಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಡಿಐ ನೋಡಲು ಹೋಗುವುದಿದ್ದರೆ ಬೆಳಗ್ಗೆ ಬೇಗ ಹೋಗು, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿಡು. ಬಾನೆಟ್ ಎತ್ತಿ ಇಂಜಿನ್ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ನಿನಗಾಗಿ ಮೊದಲೇ ಕಾಯಿಸಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆದು ನೋಡು. ನೀರಿನ ಮೇಲೆ ಎಣ್ಣೆ ತೇಲಬಾರದು, ಬರೀ ತುಕ್ಕು ನೀರೂ ಇರಬಾರದು. ಆಮೇಲೆ ಸ್ಟಾರ್ಟ್ ಮಾಡಿಸು. ಮೊದಲ ಕ್ಷಣದ ಬಿಳಿ ಹೊಗೆ ನಿಂತುಹೋದರೆ ಚಿಂತೆಯಿಲ್ಲ. ಇಂಜಿನ್ ಕಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಕೊನೆಗೆ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡು. ಸುಮ್ಮನೆ ನಡುಗುತ್ತಾ ಕೂತರೆ ರಿಂಗು ಇನ್ನೂ ಜೀವಂತ. ಗಾಳಿಯ ರಭಸಕ್ಕೆ ಹಾರಿ ಬಿದ್ದು, ಬಾಯಿಂದ ಹೊಗೆ ಪುಸುಪುಸು ಬಂದರೆ ಸಿಲಿಂಡರಿನ ಒತ್ತಡ ಕೆಳಗಿಳಿಯುತ್ತಿದೆ. ಆ ಗಾಡಿಗೆ ಬೋರ್ ಮಾಡಿಸುವ ಕಾಲ ಹತ್ತಿರ ಬಂದಿದೆ. ಪೂರ್ತಿ ಖಾತರಿ ಬೇಕಾದರೆ ನೋಝಲ್ ತೆಗೆದು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಬೇಕು. ಅಳೆಯಲು ಆಗುತ್ತದೆ, ಆದರೆ ಮಾರುವವರಲ್ಲಿ ಅಷ್ಟು ಬಿಚ್ಚಲು ಒಪ್ಪುವವರು ಕಡಿಮೆ.

ಕಿರಿಯ: ಹಾಗಿದ್ದರೆ ಸಿಆರ್‌ಡಿಇ ಕಥೆ ಇನ್ನೂ ಕಷ್ಟವಲ್ಲವೇ? ಅದರ ಒಂದು ಇಂಜೆಕ್ಟರ್ ದುಡ್ಡಿನಲ್ಲಿ ಡಿಐನ ನಾಲ್ಕೂ ನೋಝಲ್ ಮಾಡಿಸಬಹುದು ಅನ್ನುತ್ತಾರೆ. ಸ್ಕ್ಯಾನರ್ ಹಚ್ಚಿದರೆ ಎಲ್ಲ ಗೊತ್ತಾಗುತ್ತದೆ ಅಂತ ನೀವು ಹೇಳಬಹುದು, ಆದರೆ ಮಾರುವ ಮೊದಲು ಅದೇ ಸ್ಕ್ಯಾನರ್‌ನಿಂದ ಕೋಡ್ ಅಳಿಸಿಬಿಡುತ್ತಾರಲ್ಲ. ನಮ್ಮ ಕಡೆ ಡೀಸೆಲ್ ಬೇರೆ ಡ್ರಮ್ಮಿನಲ್ಲಿ ಇಡುತ್ತೇವೆ. ಟ್ರ್ಯಾಕ್ಟರಿಗೂ ಅದೇ, ಜೀಪಿಗೂ ಅದೇ.

ಹಿರಿಯ: ಕೋಡ್ ಅಳಿಸುತ್ತಾರೆ, ನಿಜ. ಆದರೆ ಅಳಿಸಿದ್ದರಿಂದ ಸವೆದ ಇಂಜೆಕ್ಟರ್ ಹೊಸದಾಗುವುದಿಲ್ಲ. ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಹೆಚ್ಚು ಕಡಿಮೆ ಮಾಡಿ ಸಮ ಮಾಡುತ್ತಿದ್ದೇನೆ ಅನ್ನುವುದನ್ನು ಇಸಿಯು ಆ ಕ್ಷಣದಲ್ಲೇ ತೋರಿಸುತ್ತದೆ. ನಾಲ್ಕರಲ್ಲಿ ಮೂರು ಹತ್ತಿರ ಹತ್ತಿರ ಇದ್ದು ಒಂದೇ ದೂರ ಹೋಗಿದ್ದರೆ ಅಲ್ಲೇ ಕೈ ಇಡು. ಸ್ಕ್ಯಾನರ್ ಮೇಲೆ ನಂಬಿಕೆ ಇಲ್ಲದಿದ್ದರೆ ಅದಕ್ಕಿಂತ ಹಳೆಯ, ಯಾರೂ ತಿದ್ದಲಾಗದ ಪರೀಕ್ಷೆ ಒಂದಿದೆ. ಕಾಮನ್ ರೈಲ್ ಇಂಜೆಕ್ಟರಿಗೆ ಸಾವಿರ ಬಾರ್ ದಾಟಿದ ಒತ್ತಡದ ಡೀಸೆಲ್ ಬರುತ್ತದೆ. ಅದರಲ್ಲಿ ಒಂದಿಷ್ಟು ಸಿಲಿಂಡರಿಗೆ ಹೋಗದೆ ಸಣ್ಣ ಪೈಪಿನಲ್ಲಿ ಟ್ಯಾಂಕಿನ ಕಡೆ ಹಿಂದಿರುಗುತ್ತದೆ. ಆ ನಾಲ್ಕು ರಿಟರ್ನ್ ಪೈಪ್ ಬಿಚ್ಚಿ, ಒಂದೊಂದನ್ನೂ ಗೆರೆ ಇರುವ ಒಂದೊಂದು ಪಾರದರ್ಶಕ ಬಾಟಲಿಗೆ ಇಳಿಬಿಡುತ್ತಾರೆ. ಕೆಲವು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿದರೆ ನಾಲ್ಕು ಬಾಟಲಿಯಲ್ಲೂ ಡೀಸೆಲ್ ಏರಿರುತ್ತದೆ. ಮಟ್ಟ ಒಂದೇ ಸಮ ಇದ್ದು ಕೆಳಗಿದ್ದರೆ ಒಳ್ಳೆಯದು. ಒಂದು ಬಾಟಲಿ ಉಳಿದವಕ್ಕಿಂತ ಎರಡು ಪಟ್ಟು ತುಂಬಿದ್ದರೆ ಆ ಇಂಜೆಕ್ಟರಿನ ಒಳಗೆ ಸವೆದಿದೆ, ಒತ್ತಡ ಅಲ್ಲಿಂದ ಸೋರುತ್ತಿದೆ. ಇಂಜಿನ್ ಇಳಿಸಬೇಕಿಲ್ಲ, ಹೆಡ್ ಮುಟ್ಟಬೇಕಿಲ್ಲ, ಮಾರುವವನೂ ಬೇಡ ಅನ್ನಲಾರ. ಸಿಆರ್‌ಡಿಇ ದುರಸ್ತಿ ದುಬಾರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದುಬಾರಿ ಭಾಗದ ಸ್ಥಿತಿ ಖರೀದಿಗೆ ಮೊದಲೇ ಕಣ್ಣಿಗೆ ಕಾಣುತ್ತದೆ. ಮೊದಲೇ ಗೊತ್ತಾದ ಖರ್ಚನ್ನು ರೇಟಿನಲ್ಲಿ ಮುರಿಸಿಕೊಳ್ಳಬಹುದು, ಆರು ತಿಂಗಳ ನಂತರ ಗೊತ್ತಾದ ಖರ್ಚು ನಿನ್ನ ಕಿಸೆಯಿಂದಲೇ ಹೋಗುತ್ತದೆ.

ಡ್ರಮ್ಮಿನ ಮಾತು ಬಂತಲ್ಲ, ಅದು ನೀನು ಎತ್ತಿದ ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು. ಗಡಿಯಾಚೆ ಕರ್ನಾಟಕದಲ್ಲಿ ಡೀಸೆಲ್ ಅಗ್ಗ ಅಂತ ಕ್ಯಾನ್ ತುಂಬಿಸಿ ತರುವುದು, ಶೆಡ್ಡಿನಲ್ಲಿ ಡ್ರಮ್ ಇಡುವುದು ಇಲ್ಲಿ ವಾಡಿಕೆ. ಅರ್ಧ ಖಾಲಿ ಡ್ರಮ್ಮಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ತಳಕ್ಕೆ ಕೂರುತ್ತದೆ. ಸಿಆರ್‌ಡಿಇಯ ಹೈ ಪ್ರೆಷರ್ ಪಂಪಿಗೆ ಡೀಸೆಲ್ಲೇ ಆಯಿಲ್. ಅದರಲ್ಲಿ ನೀರು ಬಂದರೆ ಪಂಪು ಒಣಗಿ ಉಜ್ಜುತ್ತದೆ, ಉಜ್ಜಿದ ಲೋಹದ ಪುಡಿ ಇಂಜೆಕ್ಟರ್ ತನಕ ಹೋಗುತ್ತದೆ. ಡಿಐ ಪಂಪಿಗೂ ನೀರು ವಿಷವೇ, ಆದರೆ ಅಲ್ಲಿ ಒತ್ತಡ ಕಡಿಮೆ, ಸಂದು ದೊಡ್ಡದು, ಹಾನಿ ನಿಧಾನ. ಹಾಗಾಗಿ ಸಿಆರ್‌ಡಿಇ ತಗೊಂಡರೆ ಡ್ರಮ್ಮಿನ ಡೀಸೆಲ್ ಅದಕ್ಕೆ ಹಾಕಬೇಡ, ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸುವುದನ್ನು ಮರೆಯಬೇಡ. ಆ ಶಿಸ್ತು ಮನೆಯಲ್ಲಿ ನಡೆಯದು ಅನ್ನಿಸಿದರೆ ಡಿಐ ಕಡೆ ಹೋಗಲು ಅದೊಂದೇ ಸಾಕಷ್ಟು ಕಾರಣ. ಬಿಎಸ್6 ಡೀಸೆಲ್ ಬಂದ ಮೇಲೆ ಹಳೆಯ ಪಂಪು ಒಣಗುತ್ತವೆ ಅಂತ ಕೆಲವರು ಹೆದರಿಸುತ್ತಾರೆ. 2020ರ ಏಪ್ರಿಲ್‌ನಿಂದ ಗಂಧಕ 10 ಪಿಪಿಎಂಗೆ ಇಳಿದದ್ದು ಹೌದು, ಬಿಎಸ್3ರಲ್ಲಿ 350 ಇತ್ತು. ಆದರೆ ಡೀಸೆಲ್ಲಿಗೆ ಜಾರುಗುಣ ಇಷ್ಟಿರಲೇಬೇಕು ಅಂತ ಮಾನದಂಡದಲ್ಲೇ ಇದೆ. ಸೀಮೆಎಣ್ಣೆ ಬೆರೆಸದಿದ್ದರೆ ಎರಡೂ ಇಂಜಿನ್ ಅದರಲ್ಲಿ ಓಡುತ್ತವೆ.

ಕಿರಿಯ: ಎರೆ ಹೊಲದ ಮಾತು ಹೇಳಿ. ಮಳೆಗಾಲದಲ್ಲಿ ಮಾಂಜ್ರಾ ಕಡೆಯ ದಾರಿ ನಿಮಗೆ ಗೊತ್ತಲ್ಲ. ಚಕ್ರಕ್ಕೆ ಮಣ್ಣು ಮೆತ್ತಿಕೊಂಡರೆ ಬಿಡುವುದೇ ಇಲ್ಲ. ಅಲ್ಲಿ 105 ಅಶ್ವಶಕ್ತಿ ಇದ್ದರೆ ಎಳೆದುಕೊಂಡು ಬರುವುದಿಲ್ಲವೇ?

ಹಿರಿಯ: ಕೆಸರಿನಲ್ಲಿ ಅಶ್ವಶಕ್ತಿಗೆ ಅಷ್ಟು ಕೆಲಸವಿಲ್ಲ. ಡಿಐ 1500 ಸುತ್ತಿನ ಹತ್ತಿರವೇ 182 ನ್ಯೂಟನ್ ಮೀಟರ್ ಎಳೆತ ಕೊಡುತ್ತದೆ. ಲೋ ರೇಂಜ್ ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಒದ್ದೆ ಎರೆ ಮಣ್ಣಿನಲ್ಲಿ ನಾಲ್ಕೂ ಚಕ್ರ ತಿರುಗಿಸಲು ಅದು ಧಾರಾಳ. ಕೊರತೆ ಬೀಳುವುದು ಹಿಡಿತಕ್ಕೆ. ಟೈರಿನ ಗೀರು ಮಣ್ಣಿನಿಂದ ತುಂಬಿ ನುಣ್ಣಗಾದ ಮೇಲೆ 63 ಇದ್ದರೂ ಅಷ್ಟೇ, 105 ಇದ್ದರೂ ಅಷ್ಟೇ, ಕೂತಲ್ಲೇ ಕೂರುತ್ತದೆ. ಅಲ್ಲಿ ಬೇಕಾದದ್ದು ಮಣ್ಣು ಉದುರಿಸುವ ಅಗಲ ಗೀರಿನ ಟೈರು, ಹಿಂದಿನ ಡಿಫರೆನ್ಷಿಯಲ್ ಲಾಕ್. ಆ ಲಾಕ್ 2015ರಲ್ಲಿ ರೂಪ ಬದಲಾದ ಸಿಆರ್‌ಡಿಇ ಜೊತೆ ಬಂತು, ನೀನು ನೋಡಿರುವ ಎರಡರಲ್ಲೂ ಇರುವುದಿಲ್ಲ. ಆದ್ದರಿಂದ ನಾರಾಯಣಖೇಡದ ಹೊಲದ ಮಟ್ಟಿಗೆ ಎರಡು ಇಂಜಿನ್ ಸಮ ಅಂತ ಬರೆದುಕೋ. ವ್ಯತ್ಯಾಸ ತೆರೆಯುವುದು ಡಾಂಬರಿನ ಮೇಲೆ. ಸಿಆರ್‌ಡಿಇ 1800 ಸುತ್ತಿನಲ್ಲೇ 247 ನ್ಯೂಟನ್ ಮೀಟರ್ ಕೊಡುತ್ತದೆ. ಎಳೆತವನ್ನು ಸುತ್ತಿನಿಂದ ಗುಣಿಸಿ ಲೆಕ್ಕ ಹಾಕಿದರೆ ಅದು ಸುಮಾರು 62 ಅಶ್ವಶಕ್ತಿ. ಡಿಐ ತನ್ನ ಕೊನೆಯ ಉಸಿರು ಹಿಡಿದು 3200 ಸುತ್ತಿನಲ್ಲಿ ಕೊಡುವುದೂ ಹೆಚ್ಚು ಕಡಿಮೆ ಅಷ್ಟೇ. ಡಿಐ ಮುಗಿಯುವ ಕಡೆ ಸಿಆರ್‌ಡಿಇ ಇನ್ನೂ ಆರಾಮಾಗಿ ನಡೆಯುತ್ತಿರುತ್ತದೆ. ಹೈದರಾಬಾದಿಗೆ ಇಲ್ಲಿಂದ ಸುಮಾರು 100 ಕಿಲೋಮೀಟರ್, 65ನೇ ಹೆದ್ದಾರಿಯ ತುಂಬ ಲಾರಿ. ಒಂದು ಟ್ರೇಲರ್ ಲಾರಿ ದಾಟಲು ಎಷ್ಟು ಹೊತ್ತು ಎದುರು ಪಕ್ಕದಲ್ಲಿ ಅಥವಾ ಪಕ್ಕದ ಸಾಲಿನಲ್ಲಿ ಇರಬೇಕಾಗುತ್ತದೆ ಅನ್ನುವುದು ಪ್ರಾಣದ ಪ್ರಶ್ನೆ. ಇದನ್ನು ಶೋಕಿ ಅಂತ ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ತಾಂಡೂರಿನ ವಿಷಯ ಇನ್ನೊಂದು ಬಗೆ. ಅಲ್ಲಿ ಇಂಜಿನ್ ಕೊಲ್ಲುವುದು ಕಲ್ಲಿನ ಧೂಳು. ಫರಸಿ ಕೊರೆಯುವ, ಪಾಲಿಷ್ ಮಾಡುವ ಯೂನಿಟ್ಟುಗಳ ನಡುವೆ, ಸಿಮೆಂಟ್ ಲಾರಿಗಳ ಹಿಂದೆ ವರ್ಷಗಟ್ಟಲೆ ಓಡಿದ ಗಾಡಿಯ ಏರ್ ಫಿಲ್ಟರನ್ನು ಸಮಯಕ್ಕೆ ಬದಲಿಸದಿದ್ದರೆ ಆ ನುಣ್ಣನೆಯ ಪುಡಿ ಸಿಲಿಂಡರಿನ ಒಳಗೋಡೆಯನ್ನು ತೇಯುತ್ತದೆ. ಇದಕ್ಕೆ ಡಿಐ, ಸಿಆರ್‌ಡಿಇ ಅನ್ನುವ ಭೇದವಿಲ್ಲ. ಟರ್ಬೊ ಇರುವುದು ಎರಡಕ್ಕೂ, ಅದರ ರೆಕ್ಕೆಗೂ ಅದೇ ಧೂಳು ಬಡಿಯುತ್ತದೆ. ಫಿಲ್ಟರ್ ಹೊಸದು ಹಾಕಿದ್ದಾರೆ ಅಂತ ಸಮಾಧಾನ ಪಡಬೇಡ. ಫಿಲ್ಟರ್ ದಾಟಿ ಇಂಜಿನ್ ಕಡೆ ಹೋಗುವ ರಬ್ಬರ್ ಪೈಪಿನ ಒಳಗೆ ಬಿಳಿ ಬಟ್ಟೆ ತೂರಿಸಿ ಒರೆಸು. ಬಟ್ಟೆಗೆ ಬೂದಿ ಬಣ್ಣದ ಪುಡಿ ಹತ್ತಿದರೆ ಧೂಳು ಒಳಗೆ ಹೋಗಿ ಆಗಿದೆ. ನೀನು ನೋಡಿರುವ ಡಿಐ ಆ ಊರಿನದ್ದೇ ಆದ್ದರಿಂದ ಈ ಒಂದು ಪರೀಕ್ಷೆ ಬಿಡಬೇಡ.

ಕಿರಿಯ: ಒಂದು ಮಾತು ನೀವು ಇನ್ನೂ ಮುಟ್ಟಿಲ್ಲ ಕಾಕಾ. ಡಿಐ ಕೆಟ್ಟರೂ ಕುಂಟುತ್ತಾ ಮನೆ ಸೇರುತ್ತದೆ. ಸಿಆರ್‌ಡಿಇಗೆ ಒಂದು ಸೆನ್ಸರ್ ಕೈಕೊಟ್ಟರೆ ನಾರಾಯಣಖೇಡದ ಆಚೆ ರಾತ್ರಿ ಹತ್ತಕ್ಕೆ ನಿಂತುಬಿಡಬಹುದು. ಆಗ ಬಾಟಲಿ ಪರೀಕ್ಷೆ ಏನು ಮಾಡುತ್ತದೆ?

ಹಿರಿಯ: ಏನೂ ಮಾಡುವುದಿಲ್ಲ. ಡಿಐನ ನಿಜವಾದ ದೊಡ್ಡತನ ಇರುವುದೇ ಅಲ್ಲಿ. ಕ್ರ್ಯಾಂಕ್ ಸೆನ್ಸರ್ ಹೋದರೆ ಸಿಆರ್‌ಡಿಇ ನಿಲ್ಲುತ್ತದೆ, ಗಾಳಿಯೋ ಡೀಸೆಲ್ಲೋ ಸಾಲದು ಅನ್ನಿಸಿದರೆ ಇಸಿಯು ತಾನೇ ಶಕ್ತಿ ಇಳಿಸುತ್ತದೆ. ಡಿಐಗೆ ಡೀಸೆಲ್ ಒಳಗೆ ಹೋಗುತ್ತಿದ್ದರೆ ಸಾಕು. ಇಡೀ ದಿನ ಹೊಲದಲ್ಲೇ ಇರುವವನಿಗೆ, ಹೆದ್ದಾರಿ ಮುಟ್ಟದವನಿಗೆ, ಸ್ಕ್ಯಾನರ್ ಇರುವ ಗ್ಯಾರೇಜಿಗೆ ಅರ್ಧ ದಿನದ ದಾರಿ ಇರುವವನಿಗೆ ನಾನು ಡಿಐ ಬಿಟ್ಟು ಬೇರೆ ಹೇಳುವುದಿಲ್ಲ. ಆದರೆ ಅಂಥವನು ಕೂಡ ಇಂಜಿನ್ ಪೂರ್ತಿ ಕೆಲಸ ಮಾಡಿಸುವ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಡಿಐ ಅಗ್ಗ ಅನ್ನಿಸುವುದು ಆ ಖರ್ಚನ್ನು ಬಿಟ್ಟು ಎಣಿಸಿದಾಗ. ನಿನ್ನ ಸ್ಥಿತಿ ಹಾಗಲ್ಲ. ನೀನು ಮೂರು ಊರಿನ ನಡುವೆ ಓಡುವವನು. ಇಲ್ಲಿಂದ ಬೀದರ್ ಸುಮಾರು 30 ಕಿಲೋಮೀಟರ್, ಹೈದರಾಬಾದ್ ದಿನಾ ಬಸ್ಸಿರುವ ದಾರಿ. ನೀನು ಹೆಚ್ಚು ಹೊತ್ತು ಕಳೆಯುವುದು ಡಾಂಬರಿನ ಮೇಲೆ, ಸ್ಟೀರಿಂಗ್ ಹಿಂದೆ. ಡಿಐಗೆ ಪವರ್ ಸ್ಟೀರಿಂಗ್ ಇಲ್ಲ, ಮುಂದೆಯೂ ಪಟ್ಟಿ ಸ್ಪ್ರಿಂಗು. ಸಿಆರ್‌ಡಿಇಗೆ ಪವರ್ ಸ್ಟೀರಿಂಗ್ ಇದೆ, ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಇಂಜಿನ್ ಆರಿಸುವಾಗ ಇವನ್ನೂ ಜೊತೆಗೇ ಆರಿಸುತ್ತೀಯೆ, ಬೇರೆ ಮಾಡಲಾಗದು. ಹೌದು, ಆ ಮುಂದಿನ ಭಾಗಕ್ಕೆ ಖರ್ಚು ಹೆಚ್ಚು. ಕೆಳಗೆ ಮಲಗಿ ಚಕ್ರದ ಕಡೆ ಹೋಗುವ ಶಾಫ್ಟಿನ ರಬ್ಬರ್ ಬೂಟು ನೋಡು. ಹರಿದಿದ್ದರೆ ಒಳಗೆ ಎರೆ ಮಣ್ಣು ಸೇರಿ ಗ್ರೀಸು ಕಪ್ಪು ಅಂಟಾಗಿರುತ್ತದೆ, ಆ ಜಾಯಿಂಟು ಹೋದಂತೆಯೇ.

ಕಿರಿಯ: ಬೀದರಿನಲ್ಲೂ ಒಂದು ಸಿಆರ್‌ಡಿಇ ಇದೆ, ಕೆಎ 38 ನಂಬರಿನದು. ದೆಹಲಿ ಕಡೆಯಿಂದ ತರಿಸಿಕೊಡುತ್ತೇನೆ ಅನ್ನುವ ಬ್ರೋಕರೂ ಒಬ್ಬ ಇದ್ದಾನೆ, ರೇಟು ತೀರಾ ಕಡಿಮೆ.

ಹಿರಿಯ: ದೆಹಲಿ ಗಾಡಿ ಅಗ್ಗವಾಗಲು ಕಾರಣ ಇಂಜಿನ್ ಅಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಚೆನ್ನಾಗಿರುವ ಗಾಡಿಯೂ ಅಲ್ಲಿಂದ ಹೊರಗೆ ಬರುತ್ತದೆ, ಕೆಟ್ಟದ್ದೂ ಬರುತ್ತದೆ, ಯಾವುದು ಯಾವುದೆಂದು ನೀನು ಇಲ್ಲೇ ಕೂತು ತಿಳಿಯಲಾರೆ. ಅದನ್ನು ಬಿಡು. ಬೀದರಿನದು ನೋಡಬಹುದು. 1956ರ ತನಕ ಜಹೀರಾಬಾದಿನ ಹೆಚ್ಚಿನ ಭಾಗ, ನಾರಾಯಣಖೇಡ್ ಎರಡೂ ಬೀದರ್ ಜಿಲ್ಲೆಯಲ್ಲೇ ಇದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಮಾತು, ನಂಟಸ್ತಿಕೆ, ಬಜಾರು ಇವತ್ತಿಗೂ ಗಡಿ ನೋಡುವುದಿಲ್ಲ, ಆದರೆ ಆರ್‌ಟಿಒ ಕಚೇರಿ ನೋಡುತ್ತದೆ. ಕರ್ನಾಟಕದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅದಕ್ಕೆ ಅಲ್ಲಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಬ್ಯಾಂಕ್ ಸಾಲ ತೀರಿದ್ದರೆ ಫಾರಂ 35 ಕೇಳು. ಇಷ್ಟು ಖರ್ಚು ಸೇರಿಸಿದ ಮೇಲೂ ಅಗ್ಗ ಅನ್ನಿಸಿದರೆ ಮಾತ್ರ ಹೋಗು.

ಡಿಐ ಗಾಡಿಗೆ ಕಾಗದದ ಇನ್ನೊಂದು ತೊಡಕಿದೆ. ಥಾರ್ ಡಿಐ ಟೂ ವೀಲ್ ಆಗಿಯೂ ಮಾರಾಟವಾಗಿತ್ತು. ಅಂಥದ್ದಕ್ಕೆ ಹಳೆಯ ಜೀಪಿನ ಆಕ್ಸಲ್, ಟ್ರಾನ್ಸ್‌ಫರ್ ಗೇರ್ ಕೂರಿಸಿ ಫೋರ್ ವೀಲ್ ಅಂತ ಮಾರುವುದುಂಟು. ಇಂಜಿನ್ ಬದಲಿಸಿದ್ದೂ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತಪಡಿಸಿತು. ಮೊದಲ 15 ವರ್ಷ ಮುಗಿದ ಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಬೇಕು. 2012ರ ಡಿಐಗೆ ಆ ದಿನ ಬರುವುದು 2027ರಲ್ಲಿ, 2014ರ ಸಿಆರ್‌ಡಿಇಗೆ 2029ರಲ್ಲಿ. ತಪಾಸಣೆಯ ದಿನ ಬದಲಿಸಿದ ಇಂಜಿನ್, ಕೂರಿಸಿದ ಆಕ್ಸಲ್ ಬಯಲಾದರೆ ಗಾಡಿ ಹೊಲಕ್ಕೆ ಮಾತ್ರ ಉಳಿಯುತ್ತದೆ.

ಕಿರಿಯ: ಹಾಗಾದರೆ ಮೊದಲು ಜಹೀರಾಬಾದಿನದನ್ನೇ ನೋಡಲೇ?

ಹಿರಿಯ: ಅದನ್ನೇ ನೋಡು. ಬಾಟಲಿ ಪರೀಕ್ಷೆಗೆ ಮಿಸ್ತ್ರಿಯನ್ನು ಕರೆದುಕೊಂಡು ಹೋಗು, ಅವನ ಕೂಲಿ ನೀನೇ ಕೊಡು, ಮಾರುವವರ ಕೈಯಿಂದ ಕೊಡಿಸಬೇಡ. ನಾಲ್ಕು ಮಟ್ಟ ಸಮ ಇದ್ದರೆ, ಆಯಿಲ್ ಮುಚ್ಚಳ ಕೂತಲ್ಲೇ ಕೂತರೆ, ಕೇಳಿದ ರೇಟಿನ ಹತ್ತಿರವೇ ಮಾತು ಮುಗಿಸು. ಒಂದು ಇಂಜೆಕ್ಟರ್ ಸೋರಿದರೂ ನಾಲ್ಕರ ಖರ್ಚು ಇಳಿಸಲು ಕೇಳು, ಏಕೆಂದರೆ ಒಂದೇ ಡೀಸೆಲ್ ಕುಡಿದು ಬೆಳೆದ ನಾಲ್ಕರಲ್ಲಿ ಒಂದು ಹೋದರೆ ಉಳಿದ ಮೂರು ಬಹಳ ದೂರ ಇರುವುದಿಲ್ಲ. ಅವರು ಇಳಿಸದಿದ್ದರೆ ತಾಂಡೂರಿಗೆ ಹೋಗು. ಅಲ್ಲಿ ಬೋರ್, ರಿಂಗ್ ಪಿಸ್ಟನ್, ಪಂಪ್ ಕೆಲಸದ ಅಂದಾಜನ್ನು ಮಿಸ್ತ್ರಿಯ ಕೈಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು, ಆ ಮೊತ್ತವನ್ನು ಡಿಐ ಬೆಲೆಗೆ ಕೂಡಿಸಿ ಸಿಆರ್‌ಡಿಇ ಬೆಲೆಯ ಪಕ್ಕದಲ್ಲಿಟ್ಟು ನೋಡು. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿ ಜೊತೆ ನೀನೇ ಓದಿ ತಾಳೆ ಮಾಡಿದ ಮೇಲೆ ಮುಂಗಡ ಕೊಡು.